ಕಾಗೆ ಓಡಿಸಲು ಕಟ್ಟಿದ ಡಿಸ್ಕು

ದೀಪಾ, ಗಜಾನನನ ಡಿಸ್ಕನ್ನು ನೀನು ಕಳೆಯಲಿಲ್ಲ. ನಾನು ಎತ್ತಿಕೊಂಡು ಹೋಗಿ ಹಾಳು ಮಾಡಿದೆ, ಆಮೇಲೆ ಸುಳ್ಳು ಹೇಳಿದೆ. ನಡೆದದ್ದು ಇಷ್ಟೇ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಿನ್ನ ಈ ಅಮ್ಮಮ್ಮ, ಬರೆಯುವುದು ನಿಧಾನ. ಎದುರು ಕೂತು ಹೇಳಬಹುದಿತ್ತು. ಈ ವಾರ ಬಾಯಿ ತೆರೆದಾಗಲೆಲ್ಲ “ಚಾ ಬೇಕನೇ?” ಎಂದು ಕೇಳಿ ಒಳಗೆ ಹೋಗಿಬಿಟ್ಟೆ. ಹಾಗಾಗಿ ಬರೆಯುತ್ತಿದ್ದೇನೆ.

ಸಿದ್ದಾಪುರದಿಂದ ಬಂದು, ಯಲ್ಲಾಪುರದ ನನ್ನ ಮನೆಯ ಮುಂದಿನ ಕೋಣೆಯಲ್ಲಿ ನೀನು ಕಂಪ್ಯೂಟರ್ ರಿಪೇರಿ ಶುರು ಮಾಡಿದ ಮೊದಲ ಬೇಸಿಗೆ ಅದು. ಹುಡುಗಿ ಸ್ಕ್ರೂಡ್ರೈವರ್ ಹಿಡಿದಿದ್ದನ್ನು ನೋಡಲೆಂದೇ ಜನ ಬರುತ್ತಿದ್ದರು. ನೋಡಿ, ನೀರು ಕುಡಿದು ಹೋಗುತ್ತಿದ್ದರು, ಕೆಲಸ ಕೊಡುತ್ತಿರಲಿಲ್ಲ. ಮೊದಲು ಕೊಟ್ಟವನು ಗಜಾನನ, ಶಿರಸಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ನಿನ್ನ ಅಪ್ಪನ ಪರಿಚಯ. ಕಂಪ್ಯೂಟರನ್ನು ಕಾರಿನಿಂದ ಇಳಿಸಿ, ಅದರ ಜೊತೆಗೆ ಬಂದಿದ್ದ ಸಿ.ಡಿ. ಡಿಸ್ಕನ್ನೂ ನಿನ್ನ ಕೈಗಿಟ್ಟು, “ಇದೊಂದು ಸರಿ ಮಾಡಿಕೊಡು ತಂಗಿ, ಶಿರಸಿ ಸ್ಟುಡಿಯೋದವ್ರನ್ನೆಲ್ಲ ನಿನ್ನ ಹತ್ರವೇ ಕಳಿಸ್ತೆ” ಎಂದ. ಆ ದಿನ ನೀನು ಊಟಕ್ಕೆ ಕೂತವಳು ಅನ್ನವನ್ನೇ ಮರೆತು ನಗುತ್ತಿದ್ದೆ.

ಹಲಸಿನ ಹಪ್ಪಳದ ಕಾಲ. ಕೆಟ್ಟುಹೋದ ಡಿಸ್ಕುಗಳನ್ನು ನೀನೇ ನನಗೆ ಕೊಡುತ್ತಿದ್ದೆ. ತಾರಸಿಯ ಮೇಲೆ ಹಪ್ಪಳ ಹರವಿ, ಮೇಲೊಂದು ಹಗ್ಗ ಎಳೆದು ಅವನ್ನು ತೂಗಿಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆಯುತ್ತವೆ, ಕಾಗೆ ಹತ್ತಿರ ಸುಳಿಯುವುದಿಲ್ಲ. ಗಜಾನನ ಬಂದುಹೋದ ಮರುದಿನ ಬೆಳಿಗ್ಗೆ ಹಪ್ಪಳ ಹರವಿ ನೋಡುತ್ತೇನೆ — ಗಾಳಿಗೆ ಒಂದು ಡಿಸ್ಕು ಹಾರಿಹೋಗಿದೆ, ಕಾಗೆ ಆಗಲೇ ಬಂದು ಕೂತಿದೆ. ಕೆಟ್ಟ ಡಿಸ್ಕಿನ ಡಬ್ಬಿ ನಿನ್ನ ಮೇಜಿನ ಅಡಿಯಲ್ಲಿತ್ತು. ಬಗ್ಗಬೇಕಿತ್ತು. ಬಗ್ಗಲಿಲ್ಲ. ಮೇಜಿನ ಮೇಲೆ ಒಂದು ಕಂಡಿತು, ತೆಗೆದುಕೊಂಡೆ. ನೀನು ಅಂಗಡಿಗೆ ಹಾಲು ತರಲು ಹೋಗಿದ್ದೆ. ಕೇಳಬೇಕೆಂದು ಅನ್ನಿಸಲೂ ಇಲ್ಲ — ನನ್ನ ಮನೆ, ನನ್ನ ಮೇಜು ಎಂಬ ಠೇಂಕಾರ.

ಮಧ್ಯಾಹ್ನ ನಿನ್ನ ಕೆಲಸ ನಿಂತಿತು. ಹೊಸ ವಿಂಡೋಸ್ ಹಾಕುತ್ತಾ ಹಾಕುತ್ತಾ, ಅರ್ಧದಲ್ಲಿ ಅದು ಡಿಸ್ಕ್ ಡ್ರೈವಿನ ಡ್ರೈವರ್ ಇಲ್ಲ, ಕೊಟ್ಟರೆ ಮಾತ್ರ ಮುಂದೆ ಹೋಗುತ್ತೇನೆ ಎಂದು ಹಟ ಹಿಡಿಯಿತು. ಅದೇನು ಎಂದು ಕೇಳಿದ್ದಕ್ಕೆ ನೀನು ನನಗೆ ತಿಳಿಯುವ ಹಾಗೆ ಹೇಳಿದೆ. “ಹೊಸಾ ಸೊಸೆ ಅಡಿಗೆಮನೆಗೆ ಬಂದಾಂಗೆ ಅಮ್ಮಮ್ಮ. ಯಾವ ಡಬ್ಬಿಲಿ ಎಂತ ಇದ್ದು ಹೇಳಿ ಯಾರಾದ್ರೂ ತೋರ್ಸವು.” ತೋರಿಸುವುದು ಆ ಡಿಸ್ಕಿನಲ್ಲಿತ್ತು. ಅದರಲ್ಲಿದ್ದುದನ್ನು ನಿನ್ನ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಇಳಿಸಿ ಇದಕ್ಕೆ ಕೊಟ್ಟರೆ ಆಯಿತು, ಸಣ್ಣ ಕೆಲಸ. ನೀನು ಮೇಜಿನ ಕಡೆ ಕೈ ಚಾಚಿದೆ. ಡಿಸ್ಕು ಇರಲಿಲ್ಲ. ನೆಟ್ಟಿನಿಂದ ಇಳಿಸೋಣವೆಂದರೆ ಆಗ ನಮ್ಮ ಮನೆಯೊಳಗೆ ಫೋನೇ ಸರಿಯಾಗಿ ಹಿಡಿಯುತ್ತಿರಲಿಲ್ಲ.

“ಅಮ್ಮಮ್ಮ, ಇಲ್ಲಿದ್ದ ಡಿಸ್ಕು ಕಂಡ್ಯನೇ?”

“ಆನು ನೋಡಿದ್ನಿಲ್ಲೆ. ನಿನ್ನ ಸಾಮಾನು ಆನು ಎಂತಕ್ಕೆ ಮುಟ್ಟವು?”

ಆ ಕ್ಷಣ ನನಗೆ ನಿಜಕ್ಕೂ ನೆನಪಾಗಿರಲಿಲ್ಲ ಎಂದು ಬರೆಯಲು ಹೊರಟೆ. ಹೊಡೆದು ಹಾಕಿದೆ. ನೆನಪಾಗಿತ್ತು. ಅದೇ ಇರಲಿಕ್ಕಿಲ್ಲ ಎಂದುಕೊಂಡೆ — ಅಂದುಕೊಳ್ಳುವುದು ಸುಲಭ.

ಸಂಜೆ ಹಪ್ಪಳ ತೆಗೆಯಲು ಮೇಲೆ ಹೋದೆ. ಡಿಸ್ಕು ದಿನವಿಡೀ ಗಾಳಿಗೆ ಸಿಮೆಂಟು ಕಂಬಕ್ಕೆ ಉಜ್ಜಿ ಉಜ್ಜಿ ಬೆಕ್ಕು ಪರಚಿದ ಹಾಗಾಗಿತ್ತು. ತಿರುಗಿಸಿ ನೋಡಿದರೆ ಕನ್ನಡದಲ್ಲೇ ಗಜಾನನ ತನ್ನ ಹೆಸರು ಬರೆದಿದ್ದ. ಅಷ್ಟು ಓದಲು ನನಗೂ ಬರುತ್ತದೆ. ಬಿಚ್ಚಿ, ಸೆರಗಿನ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದೆ. ಹೇಳಬೇಕೆಂದೇ ಇಳಿದೆ — ಇಳಿದಿದ್ದೇನೋ ಹೌದು.

ನೀನು ಕೋಣೆಯ ನೆಲದ ಮೇಲೆ ಕೂತಿದ್ದೆ. ಸುತ್ತ ಡಬ್ಬಿಗಳು, ವೈರುಗಳು, ಹಾಸಿಗೆ ಕೂಡ ತಂದು ಕೊಡವಿದ್ದೆ. ಮುಖ ಊದಿತ್ತು.

“ಅಮ್ಮಮ್ಮ, ಆನೇ ಎಲ್ಲೋ ಒಗದ್ದೆ. ನಂಗೆ ಈ ಕೆಲ್ಸ ಆಗ್ತಿಲ್ಲೆ.”

ಆಗ ನಾನು ಹೇಳಿದ ಮಾತು ಇದು: “ಹೋಗ್ಲಿ ಬಿಡು ಕೂಸೇ. ಇನ್ನು ಮೇಲಾದ್ರೂ ಜಾಗ್ರತೆ ಕಲಿ.”

ಡಿಸ್ಕು ನನ್ನ ಹೊಟ್ಟೆಗೆ ಒತ್ತುತ್ತಿತ್ತು. ನಾನು ನಿನಗೆ ಜಾಗ್ರತೆಯ ಬುದ್ಧಿ ಹೇಳಿದೆ. ಸುಮ್ಮನಿದ್ದಿದ್ದರೆ ಅರ್ಧ ತಪ್ಪಾಗುತ್ತಿತ್ತೋ ಏನೋ. ನನ್ನದನ್ನು ನಿನ್ನ ತಲೆಗೆ ಕಟ್ಟಿ, ಮೇಲಿಂದ ತಲೆಯನ್ನೂ ಸವರಿದೆ. ನೀನು ನನ್ನ ಮಡಿಲಿಗೆ ಮುಖ ಇಟ್ಟೆ — ಇನ್ನೊಂದು ಬದಿಗೆ, ಪುಣ್ಯಕ್ಕೆ. ನೋಡು, ಆಗಲೂ ನನಗೆ ಬಂದ ಯೋಚನೆ ಅದೇ.

ಕಂಪ್ಯೂಟರನ್ನು ಅರ್ಧಕ್ಕೇ ವಾಪಸು ಒಯ್ದ ಗಜಾನನ ಮತ್ತೆ ಬರಲಿಲ್ಲ. ಅವನು ಕಳಿಸುತ್ತೇನೆಂದವರೂ ಬರಲಿಲ್ಲ. ನೀನು ಬಿಡದೆ ಕೆಲಸ ಮಾಡಿದೆ. ಈಗ ಲಾರಿ ಆಫೀಸಿನವರಿಂದ ಹಿಡಿದು ಮಾಸ್ತರರ ತನಕ ಎಲ್ಲರೂ ನಿನ್ನ ಬಾಗಿಲಿಗೇ ಬರುತ್ತಾರೆ. ಆದರೆ ಯಾರು ಏನು ತಂದರೂ ದಾರ ಕಟ್ಟಿ, ಹೆಸರು ಬರೆದು, ಫೋಟೋ ತೆಗೆದು, ರಾತ್ರಿ ಎದ್ದು ಬಂದು ಮತ್ತೆ ನೋಡುತ್ತೀಯ. ಎಷ್ಟು ಶಿಸ್ತಿನ ಹುಡುಗಿ ಎಂದು ಜನ ಹೊಗಳುತ್ತಾರೆ. ನಾನು ಎದ್ದು ಹಿತ್ತಿಲ ಕಡೆ ಹೋಗುತ್ತೇನೆ.

ಕಳೆದ ವಾರ ನಿನ್ನ ಗೆಳತಿ ಶ್ವೇತಾ ಶಿರಸಿಯಿಂದ ಬಂದಳು. ಇಬ್ಬರೂ ಸೇರಿ ಅಲ್ಲಿ ದೊಡ್ಡ ಅಂಗಡಿ ಹಾಕೋಣ, ಕೀಲಿಕೈ ನಿನ್ನ ಹತ್ತಿರವೇ ಇರಲಿ ಎಂದಳು. ನಾನು ಅಡಿಗೆಮನೆಯಲ್ಲಿ ತಂಬುಳಿಗೆ ಒಗ್ಗರಣೆ ಹಾಕುತ್ತಿದ್ದೆ. ನೀನು ನಗುತ್ತಾ, “ಬೇಡ ಮಾರಾಯ್ತಿ, ಆನು ಸಾಮಾನು ಕಳೆಯವ್ಳು. ನಮ್ಮನೆ ಅಮ್ಮಮ್ಮನ್ನೇ ಕೇಳು ಬೇಕಾದ್ರೆ” ಎಂದೆ. ಅವಳು ಇಣುಕಿ ನನ್ನನ್ನು ನೋಡಿದಳು. ನಾನು ಸೌಟು ತಿರುವಿದೆ.

ಈಗ ಕೇಳು. ನೀನು ಒಂದು ಸೂಜಿಯನ್ನೂ ಕಳೆದವಳಲ್ಲ. ಶ್ವೇತಾಳಿಗೆ ಇದನ್ನು ಓದಿ ಹೇಳು. ಗಜಾನನನಿಗೆ ನಾನೇ ಹೋಗಿ ಹೇಳುತ್ತೇನೆ, ನೀನು ಜೊತೆಗೆ ಬರುವುದು ಬೇಡ. ನನ್ನನ್ನು ಬೈಯಬೇಕೆನಿಸಿದರೆ ಜೋರಾಗಿ ಬೈ, ಕಿವಿ ಮಂದವಾಗಿದೆ.

ಇನ್ನೊಂದು ಉಳಿದಿದೆ. ಅದನ್ನು ಬರೆಯದಿದ್ದರೆ ಇದೂ ಅರ್ಧ ಸುಳ್ಳೇ.

ಡಿಸ್ಕು ಕಳೆದ ಆ ಸಂಜೆಯ ಮರುದಿನ ಬೆಳಿಗ್ಗೆ ನಿನಗಿಂತ ಮೊದಲು ಎದ್ದು, ಬಚ್ಚಲ ಒಲೆಗೆ ಬೆಂಕಿ ಮಾಡಿ, ಆ ಡಿಸ್ಕನ್ನು ಅದರೊಳಗೆ ತೂರಿದೆ. ಅದು ಹಪ್ಪಳದ ಹಾಗೆ ಸುರುಟಿತು, ಕಪ್ಪು ಹೊಗೆ ಬಂತು. ನೀನು ಕಣ್ಣುಜ್ಜಿಕೊಂಡು ಬಂದು, “ಎಂತದೇ ಅಮ್ಮಮ್ಮ ವಾಸನೆ?” ಎಂದು ಕೇಳಿದೆ. ಪ್ಲಾಸ್ಟಿಕ್ ಚೀಲ ಸುಟ್ಟಿದ್ದು ಎಂದೆ. ನೀರು ಕಾದಿದೆ, ಮಿಂದು ಬಾ ಎಂದೆ. ನೀನು ಆ ನೀರಿನಲ್ಲೇ ಮಿಂದು, ಜಡೆ ಹಾಕಿಕೊಂಡು, ಗಜಾನನನ ಹತ್ತಿರ ತಪ್ಪಾಯಿತು ಎಂದು ಕೇಳಿಕೊಳ್ಳಲು ಶಿರಸಿಯ ಬಸ್ಸು ಹತ್ತಿದೆ. ನಾನು ತಾರಸಿಗೆ ಹೋಗಿ ಹಪ್ಪಳ ಹರವಿದೆ, ನೀನು ಬರುವ ತನಕ ಕಾಗೆ ಓಡಿಸಲು ಕೋಲು ಹಿಡಿದು ಅಲ್ಲೇ ಕೂತೆ.