ಸುನಂದಳ ಬಾಯಿ, ಬ್ರೂನೋ ಕಿವಿ

ಲಕ್ಕೂರಿನಲ್ಲಿ ಸುನಂದಳ ಬಾಯಿಗೆ ಸಿಕ್ಕಿ ಬಚಾವಾದವರಿಲ್ಲ. ಡೇರಿಯಲ್ಲಿ ಹಾಲಿಗೆ ಫ್ಯಾಟ್ ಕಮ್ಮಿ ಅಂದವನಿಗೆ, ಅವನ ಮೈಯ ಕೊಬ್ಬೆಷ್ಟು ಅನ್ನುವುದನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿ ಬಂದವಳು ಅವಳು. ಗಂಡ ಮುರಳಿಮೋಹನನಂತೂ ಮನೆಯೊಳಗೇ ಸಿಗುವ ಸುಲಭದ ತುತ್ತು. ಅವಳ ತವರು ಶ್ರೀನಿವಾಸಪುರ ಕಡೆಯ ಗೌನಿಪಲ್ಲಿ, ಅಲ್ಲಿ ಮನೆಮಾತು ತೆಲುಗು. ಹಾಗಾಗಿ ಮನುಷ್ಯರನ್ನು ಕನ್ನಡದಲ್ಲಿ ಬೈಯುತ್ತಾಳೆ. ದನ, ಕೋಳಿ, ಕೆಟ್ಟು ಕೂತ ಮಿಕ್ಸಿ ಇವಕ್ಕೆಲ್ಲ ತೆಲುಗು.

ಮುರಳಿಮೋಹನ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಅಲ್ಲಿನ ಮ್ಯಾನೇಜರ್ ಅಮರನಾಥ್ ಅವರ ಮನೆಯ ಲ್ಯಾಬ್ರಡಾರ್ ನಾಯಿ ಮರಿ ಹಾಕಿತ್ತು. ಮ್ಯಾನೇಜರು ತಮಗೆ ಬೇಕಾದವರಿಗೆಲ್ಲ ಒಂದೊಂದು ಮರಿ ಹಂಚಿದರು. ಅದ್ಯಾವ ಪುಣ್ಯವೋ, ಮುರಳಿಗೂ ಒಂದು ಬಂತು. ರಟ್ಟಿನ ಡಬ್ಬ ಎದೆಗವಚಿಕೊಂಡು, ಪ್ರಮೋಷನ್ನೇ ಸಿಕ್ಕವನಂತೆ ಹಲ್ಲು ಕಿರಿಯುತ್ತ ಬಾಗಿಲಲ್ಲಿ ನಿಂತ.

“ಏನ್ರೀ ಅದು?”

“ಬ್ರೂನೋ ಕಣೇ. ಲ್ಯಾಬು. ಒಳ್ಳೇ ಜಾತಿ. ನೋಡು ಹೆಂಗೈತೆ!”

“ಈ ಮನೇಲಿ ಆಗ್ಲೇ ಒಂದು ಪ್ರಾಣಿ ಕೂತಲ್ಲೇ ತಿಂತಾ ಐತಲ್ಲ, ಅದು ಸಾಲ್ದಾ?”

ಕಾಲೇಜಿಗೆ ಹೋಗುವ ಮಗಳು ರಂಜಿತ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ಬ್ರೂನೋ ಡಬ್ಬದಿಂದ ಉರುಳಿ, ಆಗತಾನೇ ಒರೆಸಿದ್ದ ನೆಲದ ಮೇಲೆ ಉಚ್ಚೆ ಹೊಯ್ದು ಗೃಹಪ್ರವೇಶ ಮುಗಿಸಿತು.

ಮರುದಿನದಿಂದ ಶುರುವಾಯಿತು ನೋಡಿ ಪಾಠ. ಮುರಳಿ ಕೊರಳಿಗೊಂದು ಸೀಟಿ ಕಟ್ಟಿಕೊಂಡ. ಒಂದು ಕೈಯಲ್ಲಿ ಮಾಲೂರಿಂದ ತಂದ ನಾಯಿ ಬಿಸ್ಕತ್ತು, ಇನ್ನೊಂದು ಕೈಯಲ್ಲಿ ಫೋನು. ಫೋನಿನಲ್ಲಿ ಯಾರೋ ಒಬ್ಬ ಬಿಳಿಯ ಮನುಷ್ಯ ಇಂಗ್ಲಿಷಿನಲ್ಲಿ ಏನೋ ಅನ್ನುತ್ತಿದ್ದ, ಅವನ ನಾಯಿ ಕೂರುತ್ತಿತ್ತು, ಏಳುತ್ತಿತ್ತು, ಹೊರಳುತ್ತಿತ್ತು. ಮುರಳಿ ಮನೆಮಂದಿಗೆಲ್ಲ ಕಾನೂನು ಹೊರಡಿಸಿದ.

“ನಾಯಿಗೆ ಒಂದೇ ಭಾಷೆ ಇರ್ಬೇಕು. ಇಲ್ಲಾಂದ್ರೆ ಕನ್‌ಫ್ಯೂಸ್ ಆಯ್ತದೆ. ಬರೀ ಇಂಗ್ಲಿಷು. ನೀನಂತೂ ಅದರ ಮುಂದೆ ತೆಲುಗು ಎತ್ತಲೇಬೇಡ.”

“ಅಯ್ಯೋ, ನಿಮ್ಮ ಇಂಗ್ಲಿಷಿಗಿಂತ ಅದು ಬೊಗಳೋದೇ ಚೆನ್ನಾಗಿ ಅರ್ಥ ಆಯ್ತದೆ ಬಿಡಿ,” ಎಂದಳು ಸುನಂದ.

ಅಂಗಳದಲ್ಲಿ ಮುರಳಿ “ಸಿಟ್!” ಅಂದ. ಬ್ರೂನೋ ಅವನ ಹೆಬ್ಬೆರಳು ನೆಕ್ಕಿತು. “ಸಿಟ್! ಸಿಟ್!” ಅಂದ. ಅದು ಲುಂಗಿಯ ಅಂಚು ಹಿಡಿದು ಜಗ್ಗತೊಡಗಿತು. ಮುರಳಿ ಕೆಂಪಗಾಗಿ, ಸೀಟಿ ಊದಿ, ಬೀದಿಗೇ ಕೇಳಿಸುವ ಹಾಗೆ “ಸಿಟ್!” ಎಂದು ಕೂಗಿದ.

“ಅಷ್ಟೊಂದು ಸಿಟ್ಟು ಮಾಡ್ಕೋಬೇಡ್ರೀ, ಬೀಪಿ ಬರ್ತದೆ,” ಎಂದು ಅಡುಗೆಮನೆಯಿಂದ ಸುನಂದ ಕೂಗಿ ಹೇಳಿದಳು.

ಪಾಠ ಮುಗಿಸಿ ಸಾಹೇಬರು ಬೈಕು ಹತ್ತಿ ಡ್ಯೂಟಿಗೆ ಹೋದಮೇಲೆ ನಾಯಿ ಯಾರದು? ಇನ್ಯಾರದು, ಸುನಂದಳದು. ಅದರ ಉಚ್ಚೆ ಒರೆಸಬೇಕಾದವಳು ಅವಳು, ಅದು ಕಚ್ಚಿ ಹರಿದ ಚಪ್ಪಲಿಯ ಉಳಿದ ಅರ್ಧ ಹುಡುಕಬೇಕಾದವಳು ಅವಳು. ಮೊದಲು ಪಾಪ ಎಂದು ಲೋಟದ ತುಂಬ ಹಸುವಿನ ಹಾಲು ಕುಡಿಸಿದಳು. ಅದಕ್ಕೆ ಭೇದಿ ಹಿಡಿಯಿತು. ತಪ್ಪು ತನ್ನದೇ ಎಂದು ಗೊತ್ತಿದ್ದರೂ ಗಂಡನ ಬಿಸ್ಕತ್ತಿನ ಮೇಲೆ ಹಾಕಿ ನಾಲ್ಕು ದಿನ ಬೈದಳು. ಆಮೇಲೆ ಮೊಸರು ಕಲಸಿದ ರಾಗಿ ಅಂಬಲಿ ಹಾಕಿದಳು, ಹೊಟ್ಟೆ ಸರಿಹೋಯಿತು. ಉಂಡ ಕೂಡಲೇ ಎತ್ತಿಕೊಂಡು ಹೋಗಿ ಹೊಂಗೆಮರದ ಕೆಳಗೆ ಇಳಿಸಿ, “ಕಾನೀ, ಕಾನೀ” ಎಂದು ಅವಸರ ಮಾಡುತ್ತ ನಿಲ್ಲುತ್ತಿದ್ದಳು. ಬೇಗ ಮುಗಿಸು, ನನಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು ಅಂತ. ಸ್ವಲ್ಪ ದಿನಕ್ಕೆ ಬ್ರೂನೋ ತಾನಾಗಿ ಬಾಗಿಲ ಹತ್ತಿರ ಹೋಗಿ ನಿಂತು ಇವಳ ಮುಖ ನೋಡತೊಡಗಿತು.

ಇನ್ನೊಂದು ಸಂಗತಿಯೂ ನಡೆಯಿತು. ಕೈಗೆ ಏನನ್ನಾದರೂ ಕೊಡುವಾಗ ಗೌನಿಪಲ್ಲಿಯವರ ಬಾಯಲ್ಲಿ ತಾನಾಗಿ ಬರುವ ಮಾತು ‘ಇಂದಾ’. ತಗೋ ಅಂತ. ಸುನಂದ ಮುದ್ದೆಯ ಚೂರು ಹಿಡಿದು “ಇಂದಾ” ಅಂದಾಗ ಬ್ರೂನೋ ಹಾರಿ, ಹೊಸ ನೈಟಿಗೆ ಉಗುರು ಹಾಕಿ ಪರ್ರನೆ ಹರಿದುಹಾಕಿತು. ಅವಳಿಗೆ ಬಂದ ಕೋಪ ಅಷ್ಟಿಷ್ಟಲ್ಲ. ಕೈ ಮೇಲೆತ್ತಿ, “ಮುಕಳಿ ನೆಲಕ್ಕೆ ಊರೋವರೆಗೂ ನಿಂಗೆ ಮಣ್ಣೂ ಇಲ್ಲ!” ಎಂದು ತೆಲುಗಿನಲ್ಲಿ ಗದರಿದಳು. ಅಂದಿನಿಂದ ಅದು ಕೂತು ಮುಖ ನೋಡಿದರೆ ಮಾತ್ರ ತುತ್ತು. ಕೊನೆಕೊನೆಗೆ ‘ಇಂದಾ’ ಅನ್ನುವಷ್ಟರಲ್ಲಿ ಬ್ರೂನೋ ಧಪ್ಪನೆ ಕೂತು, ಮುಂಗಾಲು ಎತ್ತಿ ಅವಳ ಮೊಣಕಾಲಿನ ಮೇಲೆ ಇಡುತ್ತಿತ್ತು. ಪಾಠ ಹೇಳುವ ಉದ್ದೇಶ ಅವಳಿಗೆ ಖಂಡಿತ ಇರಲಿಲ್ಲ. ನೈಟಿ ಉಳಿಸಿಕೊಳ್ಳುವ ಉದ್ದೇಶವಿತ್ತು.

ಮುರಳಿಗೆ ಇದೊಂದೂ ಗೊತ್ತಿಲ್ಲ. ಅವನ ಇಂಗ್ಲಿಷಿಗೆ ಬ್ರೂನೋ ಕ್ಯಾರೇ ಅನ್ನುತ್ತಿರಲಿಲ್ಲ. “ನೀನು ಮುದ್ದೆ ತಿನ್ಸಿ ತಿನ್ಸಿ ಅದರ ಬುದ್ಧೀನೂ ಮುದ್ದೆ ಆಗೈತೆ,” ಎಂದು ಅವಳನ್ನೇ ಮೂದಲಿಸುತ್ತಿದ್ದ. ಅವಳೂ ಬಿಡುವವಳಲ್ಲ. ಮನೆಗೆ ಬಂದವರಿಗೆಲ್ಲ, “ಈ ಪೀಡೇನ ಯಾರಾದ್ರೂ ತಗೊಂಡ್ಹೋಗ್ರಪ್ಪಾ, ಜೊತೆಗೆ ಒಂದು ಸೇರು ರಾಗೀನೂ ಕೊಡ್ತೀನಿ,” ಅನ್ನುತ್ತಿದ್ದಳು. ಈ ಮಾತು ಲಕ್ಕೂರಿಗೆಲ್ಲ ಗೊತ್ತು, ಕಾರ್ಖಾನೆಗೂ ಗೊತ್ತು.

ಆದರೆ ಮಳೆಗಾಲದಲ್ಲಿ ಬ್ರೂನೋ ಒಮ್ಮೆ ಕಾಯಿಲೆ ಬಿತ್ತು. ವಾಂತಿ ಮಾಡಿ ಮಾಡಿ ಒದ್ದೆ ಬಟ್ಟೆಯಂತೆ ಮಲಗಿಬಿಟ್ಟಿತು. ಗಂಡ ಡ್ಯೂಟಿಯಲ್ಲಿದ್ದ. ಸುನಂದ ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಕೆಸರಲ್ಲಿ ಜಾರುತ್ತ ದನದ ಆಸ್ಪತ್ರೆಗೆ ಓಡಿದಳು. ದಾರಿಯುದ್ದಕ್ಕೂ ತೆಲುಗು ಬೈಗುಳವೇ. “ಸತ್ತುಗಿತ್ತೀಯ, ಹುಷಾರ್! ಗುಂಡಿ ತೋಡೋಕೆ ನಂಗೆ ಪುರಸೊತ್ತಿಲ್ಲ. ಕಣ್ಣು ಬಿಡೋ ಪೋಕ್ರಿ, ಬಿಡೋ!” ಡಾಕ್ಟರು ಡ್ರಿಪ್ ಹಾಕಿದರು. ಆಮೇಲೆ ಮನೆಯಲ್ಲಿ ಚಮಚದಿಂದ ಸಕ್ಕರೆ ಉಪ್ಪಿನ ನೀರು ಕುಡಿಸುತ್ತ ಕೂತಳು. ಎಷ್ಟು ಹೆದರಿದ್ದಳೆಂದರೆ ಹಸು ಅಂಬಾ ಎಂದು ಕೂಗುತ್ತಿದ್ದರೂ ಹಾಲು ಕರೆಯಲು ಎದ್ದಿರಲಿಲ್ಲ. ಬ್ರೂನೋ ಎದ್ದು ಅಂಬಲಿ ನೆಕ್ಕಿದ ದಿನ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತಳು. ಒಳಗೆ ಬಂದು, “ಇದರ ಔಷಧಿಗೇ ಮನೆ ಮಾರ್ಬೇಕು,” ಎಂದು ಮೂಗು ಮುರಿದಳು.

ಹೀಗಿರುವಾಗ ಒಂದು ಸಂಜೆ ಮುರಳಿ ಓಡೋಡಿ ಬಂದ.

“ಸುನಂದಾ! ಮ್ಯಾನೇಜರ್ ಸಾರ್ ಮನೆ ನಾಯಿ ಸತ್ತೋಯ್ತಂತೆ, ಈ ಬ್ರೂನೋ ತಾಯಿ. ಮೇಡಂಗೆ ಅತ್ತು ಅತ್ತು ಸಾಕಾಗೈತಂತೆ. ಹಂಚಿದ್ದ ಮರೀಗಳಲ್ಲಿ ಯಾವುದು ಚೆನ್ನಾಗಿ ಕಲ್ತೈತೋ ಅದನ್ನ ವಾಪಸ್ ಕೇಳ್ತಾರಂತೆ. ಭಾನುವಾರ ನಮ್ಮನೆಗೇ ಬರ್ತಾರೆ ಕಣೇ!”

ಸುನಂದ ತೊಳೆಯುತ್ತಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು. ಹಳ್ಳಿಗೆಲ್ಲ ಸಾರಿ ಸಾರಿ ‘ತಗೊಂಡ್ಹೋಗಿ’ ಅಂದವಳು ಈಗ ಯಾವ ಬಾಯಲ್ಲಿ ಬೇಡ ಅನ್ನಬೇಕು? ಆಮೇಲೆ ಅವಳಿಗೆ ಧೈರ್ಯ ಬಂತು. ಇವನ ಇಂಗ್ಲಿಷಿಗೆ ಬ್ರೂನೋ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ದಡ್ಡ ನಾಯಿ ಅಂತ ಬಿಟ್ಟುಹೋಗುತ್ತಾರೆ. ತಾನು ಮಾತ್ರ ಬಾಯಿ ಬಿಡಬಾರದು, ಅಷ್ಟೇ.

ಭಾನುವಾರ ಅಮರನಾಥ್, ಅವರ ಹೆಂಡತಿ ಅನಿತ ಬಂದರು. ಅವರದು ಆಂಧ್ರದ ಮದನಪಲ್ಲಿ ಕಡೆ. ಮುರಳಿ ಇಸ್ತ್ರಿ ಅಂಗಿ ಹಾಕಿ, ಸೀಟಿ ನೇತುಹಾಕಿಕೊಂಡು, ಸರ್ಕಸ್ಸಿನವನಂತೆ ಅಂಗಳಕ್ಕಿಳಿದ. “ಸಿಟ್!” ಬ್ರೂನೋ ಬಾಲ ಅಲ್ಲಾಡಿಸಿತು. “ಶೇಕ್ ಹ್ಯಾಂಡ್!” ಮುರಳಿಯ ಶೂ ಲೇಸು ಬಿಚ್ಚಿತು. “ರೋಲ್, ಬ್ರೂನೋ, ರೋಲ್!” ಹೋಗಿ ತುಳಸಿಕಟ್ಟೆಯ ಪಕ್ಕ ಕಾಲೆತ್ತಿತು. ಅಮರನಾಥ್ ಕೆಮ್ಮಿ ನಗು ನುಂಗಿದರು.

“ಇವಳದ್ದೇ ಸಾರ್ ತಪ್ಪು,” ಎಂದ ಮುರಳಿ ಬೆವರೊರೆಸಿಕೊಳ್ಳುತ್ತ. “ಮುದ್ದೆ ತಿನ್ಸಿ ಹಾಳು ಮಾಡಿದ್ಳು. ಇವಳಿಗೆ ನಾಯಿ ವಿಷಯ ಏನು ಗೊತ್ತು?”

ಸುನಂದ ತುಟಿ ಕಚ್ಚಿಕೊಂಡಳು. ಬೇರೆ ದಿನವಾಗಿದ್ದರೆ ಈ ಮಾತಿಗೆ ಗಂಡನ ನೀರಿಳಿಸಿ ಒಣಹಾಕುತ್ತಿದ್ದಳು. “ಹೂಂ ಸಾರ್, ದಡ್ಡ ನಾಯಿ. ತಿನ್ನೋದೊಂದು ಬಿಟ್ಟು ಇನ್ನೇನೂ ಬರಲ್ಲ,” ಎಂದಳು. ದಿನಾ ಆಡುತ್ತಿದ್ದ ಮಾತೇ, ಆದರೆ ಅಂದು ಸುಳ್ಳು ಹೇಳಿದ ಹಾಗಾಯಿತು.

ಅನಿತ ನಿಟ್ಟುಸಿರಿಟ್ಟು ಎದ್ದಳು. ಅಮರನಾಥ್ ಶೂ ಹಾಕಿಕೊಳ್ಳಲು ಬಗ್ಗುತ್ತ, ಕೈಯಲ್ಲಿದ್ದ ಫೋನನ್ನು ಹೆಂಡತಿಯ ಕಡೆ ಚಾಚಿದರು.

“ಇಂದಾ ಅನಿತಾ, ಫೋನ್ ಪಟ್ಟುಕೋ.”

ಬ್ರೂನೋ ಎಲ್ಲಿತ್ತೋ ಏನೋ, ಓಡಿ ಬಂದು ಧಪ್ಪನೆ ಅವರೆದುರು ಕೂತಿತು. ತಲೆಯೆತ್ತಿ ಮುಖ ನೋಡಿತು. ಮುಂಗಾಲನ್ನು ಮೆಲ್ಲಗೆ ಅವರ ಮೊಣಕಾಲಿನ ಮೇಲಿಟ್ಟಿತು.

ಅಮರನಾಥ್ ಬೇಕೆಂದೇ ಎರಡು ಹೆಜ್ಜೆ ಸರಿದು ಮತ್ತೆ “ಇಂದಾ!” ಎಂದರು. ಮತ್ತೆ ಅದೇ.

“ಅರೆರೆ! ಇದಿ ಮನ ತೆಲುಗು ಕುಕ್ಕ! ನಮ್ಮ ತೆಲುಗು ನಾಯಿ ಕಣ್ರೀ ಮುರಳೀ, ನೀವು ಇದಕ್ಕೆ ಇಂಗ್ಲಿಷ್ ಹೊಡೀತಿದ್ರಲ್ಲ!” ಎಂದು ಹೊಟ್ಟೆ ಹಿಡಿದು ನಕ್ಕರು. ಅನಿತ ಮಂಡಿಯೂರಿ ಬ್ರೂನೋವನ್ನು ತಬ್ಬಿಕೊಂಡಳು. “ಇದರ ಅಮ್ಮನ ಕಣ್ಣೇ ಬಂದಿದೆ ರೀ. ಇದನ್ನೇ ಕರ್ಕೊಂಡು ಹೋಗೋಣ,” ಎಂದು ಅದರ ಬೆಲ್ಟು ಹಿಡಿದಳು.

ಮುರಳಿಯ ಮುಖ ಅರಳಿತು. “ತಗೊಂಡ್ಹೋಗಿ ಮೇಡಂ, ತಗೊಂಡ್ಹೋಗಿ! ನಮ್ಮನೆಯವಳಿಗೂ ಮೊದಲ ದಿನದಿಂದ ಇದನ್ನ ಕಂಡ್ರಾಗಲ್ಲ. ಯಾರನ್ನ ಬೇಕಾದ್ರೂ ಕೇಳಿ.”

ಅದೂ ನಿಜವೇ. ಕೇಳಿದರೆ ಇಡೀ ಲಕ್ಕೂರು ಸಾಕ್ಷಿ ಹೇಳುತ್ತಿತ್ತು. ಸುನಂದ ಬಾಯಿ ತೆರೆದಳು. ಕನ್ನಡದ್ದಾಗಲಿ ತೆಲುಗಿನದ್ದಾಗಲಿ ಒಂದು ಬೈಗುಳವೂ ಬರಲಿಲ್ಲ. ಕಣ್ಣಲ್ಲಿ ನೀರು ದಳದಳ ಇಳಿಯಿತು.

“ನಾನು ಕೊಡಲ್ಲ,” ಎಂದಳು.

“ಏನೇ ಇದು?” ಮುರಳಿ ಬೆಪ್ಪಾದ. “ಪೀಡೆ, ಪೀಡೆ ಅಂತ ದಿನಾ ಬೈತಿದ್ದವಳು ನೀನೇ ಅಲ್ವಾ?”

“ಮದ್ವೆ ಆದಾಗಿಂದ ನಿಮ್ಮನ್ನೂ ದಿನಾ ಬೈತಾ ಇದೀನಿ,” ಎಂದಳು ಸುನಂದ, ಸೆರಗಲ್ಲಿ ಮೂಗೊರೆಸಿಕೊಂಡು. “ಯಾರಿಗಾದ್ರೂ ಕೊಟ್ಬಿಟ್ನಾ?”

ಅಮರನಾಥ್ ನಗಲಿಲ್ಲ. ಅನಿತ ಹಿಡಿದಿದ್ದ ಬೆಲ್ಟು ಸಡಿಲವಾಯಿತು. ಮುರಳಿಮೋಹನ ಹೆಂಡತಿಯ ಮುಖ ನೋಡಿ, ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಮ್ಯಾನೇಜರ ಕಡೆ ತಿರುಗಿ, “ಬೇಜಾರು ಮಾಡ್ಕೋಬೇಡಿ ಸಾರ್,” ಎಂದ. “ಬೇರೆ ಮರಿ ನೋಡ್ಕೊಳ್ಳಿ.”