ಸರದಿಯಲ್ಲಿ ಇಟ್ಟುಬಂದ ಚೀಲ

ಮನುಷ್ಯ ಈ ಲೋಕಕ್ಕೆ ಬರುವುದೂ ಸರದಿಯಲ್ಲಿ, ಹೊರಡುವುದೂ ಸರದಿಯಲ್ಲಿ. ನಡುವಿನ ಬಾಳೆಂಬುದು ಮುಂದಿನವನ ಬೆನ್ನು ನೋಡುತ್ತ ನಿಲ್ಲುವುದಲ್ಲದೆ ಬೇರೇನಲ್ಲ. ಈ ಸತ್ಯ ನನಗೆ ಯಾವ ಗುಹೆಯಲ್ಲೂ ಹೊಳೆಯಲಿಲ್ಲ. ಇಟಲಿಯ ಫ್ಲಾರೆನ್ಸ್ ಊರಿನಲ್ಲಿ ಒಂದು ಬ್ರೆಡ್ಡಿನ ಅಂಗಡಿಯ ಮುಂದೆ, ಹತ್ತಿರದಲ್ಲಿ ಶೌಚಾಲಯ ಎಲ್ಲಿದೆಯೆಂದು ತಿಳಿಯದೆ ಕಾಲು ಬದಲಿಸುತ್ತ ನಿಂತಿದ್ದಾಗ ಹೊಳೆಯಿತು.

ದೆವ್ವ, ಭೂತ, ಸತ್ತವರು ಬಂದುಹೋಗುವುದು ಇತ್ಯಾದಿಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಜಯನಗರದ ಒಂದು ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ಭೂಗೋಳ ಪಾಠ ಮಾಡಿದವನು ನಾನು. ನಕಾಶೆಯಲ್ಲಿ ಬೊಟ್ಟಿಟ್ಟು ತೋರಿಸಲಾಗದ್ದನ್ನು ಒಪ್ಪುವ ಅಭ್ಯಾಸವಿಲ್ಲ. ಯಾರಾದರೂ ಇಂಥ ಕತೆ ತೆಗೆದರೆ ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದೆ. ಈಗ ನಾನೇ ಹೇಳಹೊರಟಿದ್ದೇನೆ. ಓದುಗರು ಚಪ್ಪಲಿ ಹುಡುಕಿಕೊಂಡರೆ ನನಗೆ ಬೇಸರವಿಲ್ಲ.

ನಮ್ಮ ಮಗಳು ಜೆ.ಪಿ. ನಗರದಲ್ಲಿ ಹಲ್ಲಿನ ಡಾಕ್ಟರು. ನಾನು ಮನೆಯಲ್ಲಿ ಕೂತು ಬಂದವರಿಗೆಲ್ಲ ಭೂಗೋಳ ಹೇಳುವುದನ್ನು ತಾಳಲಾರದೆ, "ಅಪ್ಪಾ, ಒಂದ್ಸಲ ಹೋಗಿ ನೋಡ್ಕೊಂಡೇ ಬಂದ್ಬಿಡಿ" ಎಂದು ನನ್ನನ್ನೂ ನನ್ನ ಹೆಂಡತಿ ಶಾರದೆಯನ್ನೂ ಯುರೋಪ್ ಪ್ರವಾಸದ ಗುಂಪೊಂದಕ್ಕೆ ಸೇರಿಸಿದಳು. ಇದು ಕೆಲವು ವರ್ಷಗಳ ಹಿಂದಿನ ಮಾತು. ಇಟಲಿ ಬೂಟಿನ ಆಕಾರದಲ್ಲಿದೆ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೆನೋ. ಆ ಬೂಟು ಕಚ್ಚುತ್ತದೆ ಎಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಎದ್ದರೆ ಬಸ್ಸು, ಇಳಿದರೆ ನಡಿಗೆ, ನಿಂತರೆ ಚರ್ಚು. ಫ್ಲಾರೆನ್ಸ್ ತಲುಪುವ ಹೊತ್ತಿಗೆ ಗುಂಪಿನಲ್ಲಿ ಯಾರಿಗೂ ಬೆರಗಾಗುವ ಶಕ್ತಿ ಉಳಿದಿರಲಿಲ್ಲ. ಜಗತ್ತೇ ಹೊಗಳುವ ಒಂದು ಶಿಲ್ಪದ ಮುಂದೆ ನಮ್ಮನ್ನು ನಿಲ್ಲಿಸಿದಾಗ ಕತ್ರಿಗುಪ್ಪೆಯ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲೆಲ್ಲಾದ್ರೂ ಕೂತ್ಕೊಳೋಕ್ ಜಾಗ ಇದ್ಯಾ ಸಾರ್?"

ಆ ಮಧ್ಯಾಹ್ನ ಊಟಕ್ಕೆ ಟೂರ್ ಮ್ಯಾನೇಜರ್ ಎಲ್ಲರನ್ನೂ ಅವರವರ ಪಾಡಿಗೆ ಬಿಟ್ಟ. "ಅಂಕಲ್, ಆ ಓಣೀಲಿ ಒಂದು ಸ್ಯಾಂಡ್‌ವಿಚ್ ಅಂಗಡಿ ಇದೆ, ಸಖತ್ ಫೇಮಸ್ಸು. ವೆಜ್ ಕೇಳಿದ್ರೆ ವೆಜ್ಜೇ ಕೊಡ್ತಾರೆ. ಬೇರೆ ಕಡೆ ನನ್ ಗ್ಯಾರಂಟಿ ಇಲ್ಲ. ಬಸ್ ಮಾತ್ರ ಯಾರ್ಗೂ ಕಾಯಲ್ಲ" ಎಂದು ಹೇಳಿ ಮಾಯವಾದ.

ಭಾನುವಾರ ಬೆಳಿಗ್ಗೆ ಬನಶಂಕರಿಯ ದರ್ಶಿನಿಗಳಿಗೆ ಮುಗಿಬೀಳುವ ಜನವನ್ನು ನೋಡಿದವನು ನಾನು. ಅಲ್ಲಿ ನೂಕುನುಗ್ಗಲಿದ್ದರೂ ಸ್ವಲ್ಪ ಹೊತ್ತಿಗೆ ಕೈಗೆ ಇಡ್ಲಿ ಬರುತ್ತದೆ. ಇಲ್ಲಿ ನೂಕುನುಗ್ಗಲಿಲ್ಲ, ಇಡ್ಲಿಯೂ ಇಲ್ಲ. ಅಂಗಡಿಯ ಬಾಗಿಲಿನಿಂದ ಹೊರಟ ಸಾಲು ಕಲ್ಲಿನ ಓಣಿಯನ್ನೆಲ್ಲ ದಾಟಿ ಮೂಲೆಯಲ್ಲಿ ತಿರುಗಿತ್ತು. ತಿರುವಿನಾಚೆ ನಾವು.

ಶಾರದೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದಳು. ಹೋಟೆಲಿನ ತಿಂಡಿಯಲ್ಲಿ ಯಾವುದರೊಳಗೆ ಏನಿದೆಯೋ ಎಂದು ಹೆದರಿ ಒಂದು ಸೇಬು ತಿಂದು ಎದ್ದಿದ್ದಳು. ಕೋಡುಬಳೆ, ಬಿಸ್ಕತ್ತು ಇದ್ದ ಬ್ಯಾಗು ಬಸ್ಸಿನಲ್ಲಿತ್ತು, ಬಸ್ಸು ಊರಾಚೆ ಎಲ್ಲೋ ಇತ್ತು. ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತ ಮೇಲೆ ಅವಳ ಹಣೆಯಲ್ಲಿ ಬೆವರೊಡೆಯಿತು, ಕೈ ನಡುಗತೊಡಗಿತು. ಎದುರಿಗಿದ್ದ ಚರ್ಚಿನ ಮೆಟ್ಟಿಲ ಮೇಲೆ ಕೂರಿಸಿದೆ. ಪರ್ಸಿನಲ್ಲಿದ್ದ ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡು, "ಏನಿಲ್ಲ ರೀ, ನೀವ್ ಹೋಗಿ ನಿಂತ್ಕೊಳಿ" ಎಂದಳು. ಪೆಪ್ಪರ್‌ಮೆಂಟು ಎಷ್ಟು ಹೊತ್ತು ಕಾಯುತ್ತದೆ? ಅವಳ ಹೊಟ್ಟೆಗೆ ಬೇಗ ಏನಾದರೂ ಬೀಳಲೇಬೇಕಿತ್ತು.

ನನ್ನ ಮುಂದಿದ್ದವರಿಗೆ ವಿಷಯ ಹೇಳಿ ದಾರಿ ಕೇಳಬಹುದಿತ್ತಲ್ಲ ಎಂದು ಓದುಗರು ಅನ್ನಬಹುದು. ಊರಿಗೆ ಬಂದ ಮೇಲೆ ಮಗಳೂ ಅದನ್ನೇ ಅಂದಳು. ಕೇಳಲು ಬಾಯಿ ತೆರೆದೆ. ಮುಂದಿದ್ದ ದೈತ್ಯನ ಕಿವಿಯಲ್ಲಿ ಸಂಗೀತವಿತ್ತು. ಅವನ ಮುಂದಿದ್ದ ಜೋಡಿಗೆ ಪರಸ್ಪರರ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಬಾಯಿ ಮುಚ್ಚಿದೆ. ‘ನಮ್ಮನ್ನು ಮುಂದೆ ಬಿಡಿ’ ಎನ್ನುವ ಮಾತು ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಬಂದದ್ದಿಲ್ಲ.

ತಿರುವು ದಾಟಿದ ಮೇಲೊಮ್ಮೆ ಹಿಂದೆ ಬಾಗಿ ನೋಡಿದೆ. ಶಾರದೆ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ನೀರಿನ ಬಾಟಲಿಯನ್ನು ಮಾತ್ರ ಹಿಡಿದುಕೊಂಡು, ಸ್ವೆಟರು, ಛತ್ರಿ ಇದ್ದ ಬಟ್ಟೆ ಚೀಲವನ್ನು ನಾನು ನಿಂತಿದ್ದ ಜಾಗದಲ್ಲೇ ನೆಲಕ್ಕಿಟ್ಟು ಓಡಿದೆ. ನನ್ನ ವಯಸ್ಸಿಗೆ ಓಟ ಅಂದರೆ ಬೇರೆಯವರ ನಡಿಗೆ. ಚೀಲ ಇಡಬೇಕೆಂದು ಯೋಚಿಸಿ ಇಟ್ಟದ್ದಲ್ಲ. ಕೈ ತಾನೇ ಇಟ್ಟಿತು.

ಬಾಯಿಗೆ ನೀರು, ಕೊನೆಯ ಪೆಪ್ಪರ್‌ಮೆಂಟು ಕೊಟ್ಟೆ. ಕಣ್ಣು ಬಿಟ್ಟವಳೇ, "ಲೈನ್ ಬಿಟ್ಟು ಯಾಕ್ ಬಂದ್ರಿ?" ಎಂದು ಗದರಿದಳು.

"ಚೀಲ ಇಟ್ಟಿದೀನಿ" ಎಂದೆ.

ಆ ಸ್ಥಿತಿಯಲ್ಲೂ ಅವಳಿಗೆ ನಗು ಬಂತು. "ಇದೇನ್ ಉತ್ತರಹಳ್ಳಿ ನಲ್ಲೀನಾ? ಅಲ್ಲಿ ಗೌರಮ್ಮ ಇದ್ರು. ಇಲ್ಲಿ ತಳ್ಳೋಕ್ ಯಾರಿದಾರೆ?"

ಗೌರಮ್ಮನ ವಿಷಯ ಇಲ್ಲಿ ಹೇಳಿಬಿಡಬೇಕು. ಮದುವೆಯಾದ ಹೊಸತರಲ್ಲಿ ನಾವು ಉತ್ತರಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಆಗಿನ್ನೂ ಅದು ಅರ್ಧ ಹಳ್ಳಿ. ಗೌರಮ್ಮ ನಮ್ಮ ಮನೆಯ ಓನರ್. ರಾಗಿ ಹೊಲದ ಒಂದು ತುದಿಯಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾಕೆ. ಬೀದಿಗೆಲ್ಲ ಒಂದೇ ನಲ್ಲಿ, ನೀರು ಬಿಡುವುದು ಸ್ವಲ್ಪ ಹೊತ್ತು. ಹೆಂಗಸರು ಬಿಂದಿಗೆಯನ್ನು ಸಾಲಿನಲ್ಲಿಟ್ಟು ಒಲೆಯ ಮುಂದೆ ಓಡುತ್ತಿದ್ದರು. ಗೌರಮ್ಮ ಬಾಯಲ್ಲಿ ಎಲೆಅಡಿಕೆ ತುಂಬಿ, ಒಂದು ಕೈ ಸೊಂಟದ ಮೇಲಿಟ್ಟು, ಯಜಮಾನರಿಲ್ಲದ ಬಿಂದಿಗೆಗಳನ್ನೆಲ್ಲ ಎಡಗಾಲಿನಿಂದ ಒಂದೊಂದಾಗಿ ಮುಂದಕ್ಕೆ ತಳ್ಳುತ್ತಿದ್ದಳು. ಬಿಂದಿಗೆ ಇದ್ದರೆ ಆಳು ಇದ್ದ ಹಾಗೆ. ಇದು ಅಲ್ಲಿನ ಸಂವಿಧಾನ.

ಅದಕ್ಕೊಂದು ತಿದ್ದುಪಡಿಯೂ ಇತ್ತು. ಯಾವ ಮನೆಯಲ್ಲಿ ಬಸುರಿ, ಬಾಣಂತಿ, ಜ್ವರದವರು ಇದ್ದಾರೋ ಆ ಮನೆಯ ಬಿಂದಿಗೆಯ ಬಾಯಿಗೆ ಗೌರಮ್ಮ ಒಂದು ಹೊಂಗೆ ಚಿಗುರು ಸಿಕ್ಕಿಸುತ್ತಿದ್ದಳು. ಚಿಗುರು ಇದ್ದ ಬಿಂದಿಗೆ ಎಲ್ಲರಿಗಿಂತ ಮುಂದೆ. ಯಾರಾದರೂ ತಕರಾರು ತೆಗೆದರೆ, "ಸೊಪ್ ಕಾಣಕ್ಕಿಲ್ವಾ ಕಣಮ್ಮಿ? ಕಣ್ಣೇನ್ ಬಾಡ್ಗೆಗ್ ಕೊಟ್ಟಿದೀಯಾ?" ಎಂದು ಕೇಳುತ್ತಿದ್ದಳು. ಮಗಳು ಹೊಟ್ಟೆಯಲ್ಲಿದ್ದಾಗ ಶಾರದೆ ವಾಂತಿಯಲ್ಲಿ ಹಾಸಿಗೆ ಹಿಡಿದಿದ್ದಳು. ನೀರಿಗೆ ಹೋಗುತ್ತಿದ್ದವನು ನಾನು. "ಮೇಷ್ಟ್ರೇ, ನೀವ್ ಇಟ್ ಹೋಗಿ, ಮಗೀನ್ ನೋಡ್ಕಳಿ" ಎನ್ನುತ್ತಿದ್ದಳು, ಶಾರದೆಯೂ ಒಂದು ಮಗುವೇ ಎಂಬಂತೆ. ನಮ್ಮ ಬಿಂದಿಗೆ ಎಂದೂ ಹಿಂದೆ ಬಿದ್ದದ್ದಿಲ್ಲ. ನಾವು ಮನೆ ಬದಲಿಸಿದ ಕೆಲವು ವರ್ಷಕ್ಕೆ ಗೌರಮ್ಮ ತೀರಿಕೊಂಡಳು. ಮಣ್ಣಿಗೆ ನಾನೂ ಹೋಗಿದ್ದೆ.

ಇನ್ನು ಫ್ಲಾರೆನ್ಸಿಗೆ ಬರೋಣ. ಶಾರದೆ ಸುಧಾರಿಸಿಕೊಂಡಳೆಂದು ಅನಿಸಿದ ಮೇಲೆ ಸಾಲಿಗೆ ಮರಳಿದೆ. ಇಟ್ಟ ಜಾಗದಲ್ಲಿ ಚೀಲ ಇರಲಿಲ್ಲ. ಅಲ್ಲಿ ನಿಂತಿದ್ದವರೆಲ್ಲ ಹೊಸ ಮುಖಗಳು. ವಾರಸುದಾರರಿಲ್ಲದ ಚೀಲ ಕಂಡರೆ ಪೊಲೀಸರು ಬರುತ್ತಾರೆ ಎಂದು ಟೂರ್ ಮ್ಯಾನೇಜರ್ ಎಚ್ಚರಿಸಿದ್ದು ಆಗ ನೆನಪಾಯಿತು. ಚೀಲ ಹೋದರೆ ಹೋಗಲಿ, ಜಾಗವೂ ಹೋಯಿತಲ್ಲ. ಮತ್ತೆ ಕೊನೆಯಲ್ಲಿ ನಿಂತರೆ ಶಾರದೆ ಅಲ್ಲಿಯವರೆಗೆ ತಡೆಯುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು. ಏನು ಮಾಡಲೂ ತೋಚದೆ ಸಾಲಿನ ಪಕ್ಕದಲ್ಲೇ ನೆಲ ನೋಡುತ್ತ ಅಂಗಡಿಯ ಬಾಗಿಲಿನವರೆಗೆ ನಡೆದೆ.

ಚೀಲ ಅಲ್ಲಿತ್ತು. ಬಾಗಿಲಿನೊಳಗೆ, ಕೌಂಟರಿನ ಎದುರು, ಎಲ್ಲರಿಗಿಂತ ಮುಂದೆ. ಅದರ ಹಿಂದೆ ಒಬ್ಬ ಗಡ್ಡದ ಯುವಕ, ಚೀಲಕ್ಕೂ ತನಗೂ ನಡುವೆ ಒಂದಾಳಿನ ಜಾಗ ಬಿಟ್ಟು, ಹಿರಿಯರ ಹಿಂದೆ ನಿಂತ ಹಾಗೆ ನಿಂತಿದ್ದ. ಚೀಲದ ಬಾಯಿಗೆ ಒಂದು ಹಸಿರು ಚಿಗುರು ಸಿಕ್ಕಿಸಿತ್ತು.

ಚೀಲ ನನ್ನದೆಂದು ಸನ್ನೆ ಮಾಡಿದೆ. ಅವನು ನಕ್ಕು ಮುಂದೆ ಹೋಗುವಂತೆ ಕೈ ತೋರಿಸಿದ. ಇದನ್ನು ಇಲ್ಲಿಗೆ ತಂದವರು ಯಾರೆಂದು ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಸ್ವಲ್ಪ ಯೋಚಿಸಿ, ಒಂದು ಕೆನ್ನೆಯನ್ನು ಉಬ್ಬಿಸಿದ, ಒಂದು ಕೈಯನ್ನು ಸೊಂಟದ ಮೇಲಿಟ್ಟ, ಎಡಗಾಲನ್ನು ಚಾಚಿ ಏನನ್ನೋ ಮುಂದಕ್ಕೆ ತಳ್ಳಿ ತೋರಿಸಿದ. ಆಮೇಲೆ ಬಾಗಿಲಿನಾಚೆ ಬೆರಳು ಮಾಡಿದ. ಅಲ್ಲಿ ಸಾಲಿನ ಜನ, ಬಿಸಿಲು, ಕಲ್ಲುಹಾಸು. ಬೇರೇನೂ ಇರಲಿಲ್ಲ.

ಆಗ ನನಗೆ ಹೆದರಿಕೆ ಆಯಿತೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ಹೆದರುವುದಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು. "ನೋ ಮೀಟ್, ನೋ ಫಿಶ್, ನೋ ಎಗ್" ಎಂದು ಸಂಕಲ್ಪ ಹೇಳುವವನಂತೆ ಹೇಳಿದೆ. ಬದನೆಕಾಯಿ, ಟೊಮೆಟೊ, ಚೀಸು ತುಂಬಿದ, ತಲೆದಿಂಬಿನಷ್ಟಿದ್ದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಶಾರದೆ ಒಂದು ತುತ್ತು ನುಂಗಿದ ಮೇಲೆ ಚೀಲ ನೋಡಿದಳು. "ಹೊಂಗೆ ಚಿಗುರು ಎಲ್ಲಿ ಸಿಕ್ತು ರೀ?" ಎಂದಳು. ನಾನು ಹೇಳಿದೆ. ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ. ತಿಂದು ಮುಗಿಸಿ, ಕೈ ಒರೆಸಿಕೊಂಡು, ಅಂಗಡಿಯ ಕಡೆಗೊಮ್ಮೆ ಕೈ ಮುಗಿದಳು, ಅಷ್ಟೆ. ಸುಸ್ತಿನಲ್ಲಿ ನಾನು ಕಾಗದದ ಜೊತೆ ಆ ಚಿಗುರನ್ನೂ ಕಸದ ಡಬ್ಬಿಗೆ ಹಾಕಿಬಿಟ್ಟೆ. ಆದ್ದರಿಂದ ಈ ಕತೆಗೆ ಪುರಾವೆಯಿಲ್ಲ.

ನಾನು ತರ್ಕ ಬಿಟ್ಟವನಲ್ಲ. ಯಾರೋ ಪುಣ್ಯಾತ್ಮರು ಚೀಲ ತಳ್ಳಿರಬಹುದು. ಆ ಜನರಲ್ಲೂ ಒಳ್ಳೆಯವರಿದ್ದಾರೆ. ಕೆನ್ನೆ ಉಬ್ಬಿಸಿ ಏನನ್ನೋ ಮೆಲ್ಲುತ್ತಿದ್ದ ಯಾರೋ ಪ್ರವಾಸಿ ಇರಬಹುದು. ಎಲೆ ಆ ಅಂಗಡಿಯವರ ಅಡುಗೆ ಸೊಪ್ಪೇ ಇರಬಹುದು. ನಾನು ಭೂಗೋಳದವನು, ಸಸ್ಯಶಾಸ್ತ್ರದವನಲ್ಲ. ಇದೆಲ್ಲ ಒಪ್ಪಿದರೂ, ತಿರುವಿನ ಹತ್ತಿರವಿದ್ದ ಚೀಲ ಅಷ್ಟು ಜನರನ್ನು ದಾಟಿ ಮುಂದೆ ಹೋದದ್ದು ಹೇಗೆ, ಒಬ್ಬರೂ ತಕರಾರು ಮಾಡದೆ ಬಿಟ್ಟದ್ದೇಕೆ ಎಂದು ತಿಳಿಯುವುದಿಲ್ಲ. ಇನ್ನು ಬಂದದ್ದು ಗೌರಮ್ಮನೇ ಎನ್ನೋಣವೆಂದರೆ, ಉತ್ತರಹಳ್ಳಿಯ ಪಕ್ಕದ ತಲಘಟ್ಟಪುರದಾಚೆಗೆ ಕಾಲಿಡದವಳು ಆಕೆ. ನಮಗೆ ವೀಸಾ ಸಿಗಲು ಅಷ್ಟೊಂದು ಪರದಾಟವಾಯಿತು. ಆಕೆಗೆ ಯಾರು ಕೊಟ್ಟರು?

ಊರಿಗೆ ಬಂದು ಮಗಳಿಗೆ ಹೇಳಿದೆ. ಅವಳು ಡಾಕ್ಟರು. "ಅಪ್ಪಾ, ನೀವೂ ಹೊಟ್ಟೆಗಿಲ್ದೆ ನಿಂತಿದ್ರಿ. ನಿಮ್ಗೂ ಶುಗರ್ ಇಳ್ದಿರುತ್ತೆ, ಏನೇನೋ ಕಂಡಿದೆ" ಎಂದು ಮರುದಿನವೇ ಲ್ಯಾಬಿಗೆ ಕರೆದುಕೊಂಡು ಹೋದಳು.

ನನ್ನ ಶುಗರ್ ನಾರ್ಮಲ್ ಇತ್ತು.