ತೆಂಗಿನಕಾಯಿಗೆ ಸೋತ ಟ್ರ್ಯಾಕ್ಟರು

ಟ್ರ್ಯಾಕ್ಟರಿಗೂ ತೆಂಗಿನಕಾಯಿಗೂ ಜಗಳ ಹತ್ತಿದರೆ ಗೆಲ್ಲುವವರು ಯಾರು ಎಂದು ಕೇಳಿದರೆ ನೀವು ನಗುತ್ತೀರಿ. ಈ ಸಲದ ಮಹಾನವಮಿಯವರೆಗೆ ನಾನೂ ನಗುತ್ತಿದ್ದೆ.

ಕಮಲಾಪುರದಲ್ಲಿ ನಮ್ಮದೊಂದು ಬಾಳೆಯ ತೋಟವಿದೆ. ಕೆಂಪು ಬಾಳೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಹಣ್ಣಿಗೇ ಹೆಸರಾದ ಊರದು. ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ನುಗ್ಗಿದರೆ ಗಿಡ ಉಳಿಯುವುದಿಲ್ಲವೆಂದು ಅಪ್ಪ ಪುಟ್ಟದೊಂದನ್ನು ತಂದಿದ್ದ. ಎತ್ತಿಗಿಂತ ತುಸು ಎತ್ತರ, ಎಮ್ಮೆಗಿಂತ ತುಸು ಮೊಂಡು. ಅದರ ಮೇಲೆ ಅಪ್ಪ ಕೂತರೆ ಯಾರು ಯಾರನ್ನು ಹೊತ್ತಿದ್ದಾರೆಂಬುದೇ ತಿಳಿಯುತ್ತಿರಲಿಲ್ಲ. ಶಾಲೆಗೆ ರಜೆ ಬಂದರೆ ನಾನು ಮಡ್‌ಗಾರ್ಡಿನ ಮೇಲೆ ಕೂತು, ಹಲ್ಲು ಕಟಕಟಿಸುತ್ತ ತೋಟ ಸುತ್ತುತ್ತಿದ್ದೆ. ಇಂದಿಗೂ ಡೀಸೆಲ್ ವಾಸನೆ ಬಂದರೆ ನನಗೆ ಬಾಳೆಹಣ್ಣು ತಿನ್ನಬೇಕೆನಿಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಇದನ್ನು ಯಾರಿಗೂ ಹೇಳಲು ಬರುವುದಿಲ್ಲ.

ಮಹಾನವಮಿಯಂದು ನಮ್ಮ ಕಡೆ ಖಂಡೇಪೂಜೆ. ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಅಂದು ವಿಭೂತಿ: ಕುಡುಗೋಲು, ಈಳಿಗೆ, ಹೊಲಿಗೆ ಯಂತ್ರ, ನನ್ನ ಸ್ಕೂಟಿ. ಒಂದು ವರ್ಷ ಅವ್ವ ನನ್ನ ಲ್ಯಾಪ್‌ಟಾಪಿಗೂ ಎಳೆದುಬಿಟ್ಟಳು. ಅದರ ಕೆಲವು ಕೀಲಿಗಳು ಈಗಲೂ ಗುದ್ದಿದರಷ್ಟೇ ಮಾತು ಕೇಳುತ್ತವೆ. ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವಳು. ನಮ್ಮ ನಗರದ ಕೋಟೆಯ ಬುರುಜಿನ ಮೇಲಿನ ಉದ್ದನೆಯ ತೋಪನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗಲೆಲ್ಲ, ಇದು ನಮ್ಮ ಮನೆಯಲ್ಲಿದ್ದಿದ್ದರೆ ಇದರ ಮೂತಿಗೂ ಒಂದು ಕಾಯಿ ಬೀಳುತ್ತಿತ್ತು ಎಂದುಕೊಳ್ಳುತ್ತೇನೆ.

ಟ್ರ್ಯಾಕ್ಟರಿನ ಮೂತಿಗಂತೂ ತಪ್ಪದೆ ಬೀಳುತ್ತಿತ್ತು. ಅದರ ಮುಂಭಾಗದಲ್ಲಿ ರೇಡಿಯೇಟರನ್ನು ಹೊತ್ತ ಬೀಡುಕಬ್ಬಿಣದ ಒಂದು ಬ್ರಾಕೆಟ್ ಇದೆ. ಅದಕ್ಕೆ ಹೊರಚಾಚಿದ ಒಂದು ಕಿವಿ, ಆ ಕಿವಿಯ ಬುಡದಲ್ಲೇ ರೇಡಿಯೇಟರಿನ ಬೋಲ್ಟು. ಪಕ್ಕದಲ್ಲಿ ಒಳ್ಳೆಯ ಕಲ್ಲಿದ್ದರೂ ಅಪ್ಪ ಕಾಯಿಯನ್ನು ತಲೆಯ ಮೇಲೆತ್ತಿ ಆ ಕಿವಿಗೇ ಅಪ್ಪಳಿಸುತ್ತಿದ್ದ. "ಯಾರ ಪೂಜಾ ಅದನೋ ಅವರ ಮ್ಯಾಲೇ ಒಡೀಬೇಕು" ಎಂಬುದು ಅವನ ಶಾಸ್ತ್ರ. ಪಕ್ಕದಲ್ಲಿ ಅವ್ವ ಏನೋ ಗೊಣಗುತ್ತಿದ್ದಳು. ಪೂಜೆಯ ಗಲಾಟೆಯಲ್ಲಿ ಅದು ನಮಗಾರಿಗೂ ಕೇಳುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಇದು ಮೊದಲ ಖಂಡೇಪೂಜೆ. ಕಾಯಿ ಒಡೆಯುವವರು ಯಾರು? "ಹೆಣಮಕ್ಕಳು ಕಾಯಿ ಒಡೀಬಾರದು ವೈನಿ, ಬಾಜೂ ತೋಟದಾಗಿಂದ ಯಾರರೆ ಗಂಡಸರನ್ನ ಕರೀರಿ" ಎಂದಳು ಅವ್ವನಿಗೆ ನನ್ನ ಸೋದರತ್ತೆ.

"ಅವರ ಗಾಡಿ ಅದ. ನಾನ ಒಡೀತೀನಿ" ಎಂದು ಅವ್ವ ಸೆರಗು ಸಿಕ್ಕಿಸಿ, ಅಪ್ಪನ ಹಾಗೆಯೇ ಎತ್ತಿ, ಅದೇ ಕಿವಿಗೆ ಹೊಡೆದಳು. ಠಣ್ ಎಂದಿತು. ಕಾಯಿ ಇಡಿಯಾಗಿ ಉರುಳಿ ಬಾಳೆಯ ಬುಡ ಸೇರಿತು. ಕಿವಿ ಮುರಿದು ಅವ್ವನ ಕಾಲ ಬಳಿ ಬಿತ್ತು. ರೇಡಿಯೇಟರು ಒಂದು ಬದಿಗೆ ವಾಲಿ ನೀರು ಸೋರತೊಡಗಿತು.

"ನಾ ಹೇಳಿದ್ದಿಲ್ಲೇನು?" ಎಂದಳು ಅತ್ತೆ. ಅವ್ವನಿಗೆ ಅಷ್ಟೇ ಸಾಕಾಯಿತು.

ನಗರದಲ್ಲಿ ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದು ಅವ್ವ ಆ ಕಾಯಿಯನ್ನು ದೇವರ ಜಗಲಿಯ ಮೇಲಿಟ್ಟಳು. ಆಮೇಲೆ ತೋಟದ ಕಡೆ ಹೋಗುವುದನ್ನೇ ಬಿಟ್ಟಳು. ಭಾನುವಾರ ಬಂದರೆ ಕಮಲಾಪುರದ ಬಸ್ಸಿಗೆ ನನಗಿಂತ ಮೊದಲೇ ತಯಾರಾಗುತ್ತಿದ್ದವಳು, ಈಗ ಕರೆದರೆ "ನನ್ನ ಕೈ ಛಲೋ ಇಲ್ಲವಾ, ನೀ ಹೋಗಿ ಬಾ" ಎನ್ನುವಳು. ಜನ್ಮವೆಲ್ಲ ರೊಟ್ಟಿ ಬಡಿದು ಊರಿಗೆಲ್ಲ ಉಣಿಸಿದ ಕೈ ಅದು.

ಆ ಬ್ರಾಕೆಟನ್ನು ಕಂಪನಿಯವರು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಕೊನೆಗೆ ತೋಟದ ದಾರಿಯಲ್ಲಿರುವ ಕಪನೂರದ ಒಬ್ಬ ಮಿಸ್ತ್ರಿ ಮುರಿದದ್ದನ್ನೇ ಬೆಸೆಯಲು ಒಪ್ಪಿಕೊಂಡ. ಕೈಗಿಂತ ಬಾಯಿ ಜೋರು. "ಬೀಡಕಬ್ಬಿಣ ಅಂದ್ರ ಭಾಳ ನಾಜೂಕ ಮಾಲ್ ರೀ ಮೇಡಂ. ಮೊದಲ ಬೆಚ್ಚಗ ಮಾಡಬೇಕು, ಆಮ್ಯಾಲ ವೆಲ್ಡಿಂಗ್, ಆಮ್ಯಾಲ ಬೂದ್ಯಾಗ ಮಲಗಸಬೇಕು. ಜಲ್ದಿ ಮಾಡಿದ್ರ ಫಿರ್ ಸೀಳ್ತದ" ಎಂದು ಬಾಣಂತನದ ಪಥ್ಯದಂತೆ ವಿವರಿಸಿದ. ತೋಟಕ್ಕಲ್ಲ, ಬರೀ ಕಪನೂರಕ್ಕೆ ಎಂದು ಪುಸಲಾಯಿಸಿ ಅವ್ವನನ್ನೂ ಕರೆದೊಯ್ದಿದ್ದೆ. ಅವನು ಒಲೆ ಹೊತ್ತಿಸುವಾಗ ಮುರಿದ ಕಿವಿಯನ್ನು ಅವಳ ಕೈಗೆ ಕೊಟ್ಟ.

ಅವ್ವ ಅದನ್ನು ರೊಟ್ಟಿಯ ಹಂಚನ್ನು ನೋಡುವಂತೆ ತಿರುಗಿಸಿ ನೋಡಿದಳು. ಸೆರಗಿನಿಂದ ಒರೆಸಿದಳು. ಬೆಳಕಿಗೆ ಹಿಡಿದಳು.

"ಹೊಸದಾಗಿ ಮುರದದ್ದು ಬೆಳ್ಳಗ ಇರಬೇಕಿಲ್ಲೇನು? ಇಲ್ಲಿ ನೋಡು, ಇಷ್ಟೇ ಇಷ್ಟು ಬೆಳ್ಳಗದ. ಉಳದದ್ದೆಲ್ಲಾ ಜಂಗ್ ಹಿಡದು ಕೆಂಪಾಗ್ಯದ."

ಮಿಸ್ತ್ರಿ ಬಗ್ಗಿ ನೋಡಿದ. "ಹೌದ್ರೀ ಅಮ್ಮಾ, ಹಳೀ ಬಿರುಕು ಅದ. ವರ್ಷಾನಗಟ್ಟಲೆ ಏಟು ತಿಂದದ. ನಿಮ್ಮದು ಆಖರಿ ಏಟು ಅಷ್ಟೇ."

ಅವ್ವ ಸೆರಗು ಸಿಕ್ಕಿಸಿದಳು. ಆಮೇಲೆ ಶುರುವಾಯಿತು. "ಅವರದೇ ಕೆಲಸ ಇದು. ವರ್ಷಾ ವರ್ಷಾ ಬಡಕೊಂಡೆ, ಕಲ್ಲಿನ ಮ್ಯಾಲ ಒಡೀರಿ, ಕಲ್ಲಿನ ಮ್ಯಾಲ ಒಡೀರಿ ಅಂತ. ಒಂದಿನರೆ ನನ್ನ ಮಾತು ಕೇಳ್ಯಾರೇನು ಆ ಮನಷ್ಯಾ? ತಾವು ಮಾಡಿಟ್ಟು ಹೋಗ್ಯಾರ, ಕೆಟ್ಟ ಹೆಸರು ನನಗ."

ಫೋಟೋಕ್ಕೆ ಹಾರ ಬಿದ್ದ ಮೇಲೆ ಗಂಡಂದಿರೆಲ್ಲ ದೇವರಾಗುತ್ತಾರೆ. ಅಪ್ಪ ಹೋದಂದಿನಿಂದ ಅವ್ವ ಅವನ ಬಗ್ಗೆ ಒಳ್ಳೆಯದನ್ನಷ್ಟೇ ಆಡುತ್ತಿದ್ದಳು, ಅವನು ಯಾರೋ ಪರಿಚಯವಿಲ್ಲದ ಸತ್ಪುರುಷನೆಂಬಂತೆ. ಅಂದು ಆ ಬೈಗುಳ ಕೇಳಿದಾಗ ನಮ್ಮ ಅಪ್ಪ, ನಿಜವಾದ ಅಪ್ಪ, ಎಣ್ಣೆ ಮೆತ್ತಿದ ಅಂಗಿಯಲ್ಲಿ ಬಾಗಿಲಿಗೆ ಬಂದು ನಿಂತಂತಾಯಿತು. ನನಗೆ ಅಳು ಬಂತು. ಅವ್ವ ನೋಡಿದಾಗ ಒಲೆಯ ಹೊಗೆ ಎಂದೆ.

ಮುಂದಿನ ಭಾನುವಾರ ಅವ್ವನೇ ನನ್ನನ್ನು ಎಬ್ಬಿಸಿದಳು. ತೋಟಕ್ಕೆ ಅತ್ತೆಯೂ ಬಂದಿದ್ದಳು. ಬ್ರಾಕೆಟ್ ಕೂರಿಸಿ ಬೋಲ್ಟು ಬಿಗಿದು ಮಿಸ್ತ್ರಿ ಎಂಜಿನ್ ಚಾಲೂ ಮಾಡಿದ. ಬೆಸುಗೆಯ ಜಾಗ ಗಂಟುಗಂಟಾಗಿ ಕಾಣುತ್ತಿತ್ತು, ಆದರೆ ರೇಡಿಯೇಟರು ಅಲುಗಲಿಲ್ಲ. ಅವ್ವ ಚೀಲದಿಂದ ಅದೇ ಕಾಯಿಯನ್ನು ತೆಗೆದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು.

ಅವ್ವ ಕಿವಿಯನ್ನು ದಾಟಿ ಕಲ್ಲಿನ ಬಳಿ ಹೋಗಿ ಒಂದೇ ಏಟಿಗೆ ಕಾಯಿ ಒಡೆದಳು. ಸರಿಯಾಗಿ ಎರಡು ಹೋಳು. ಮೊದಲ ಚೂರನ್ನು ಅತ್ತೆಯ ಕೈಗಿಟ್ಟಳು. ಆಮೇಲೆ ಒಂದು ಹೋಳನ್ನು ಟ್ರ್ಯಾಕ್ಟರಿನ ಖಾಲಿ ಸೀಟಿನ ಮೇಲಿಟ್ಟು, "ನೋಡ್ರಿ, ಹಿಂಗ ಒಡೀಬೇಕು" ಎಂದಳು.

ಟ್ರ್ಯಾಕ್ಟರು ಹೂಂ ಹೂಂ ಎನ್ನುತ್ತಲೇ ಇತ್ತು. ಅಪ್ಪನೂ ಹಾಗೆಯೇ. ಅವ್ವ ಹೇಳಿದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತಿದ್ದ, ಮುಂದಿನ ವರ್ಷ ಮತ್ತೆ ಅಲ್ಲೇ ಒಡೆಯುತ್ತಿದ್ದ.